ಬೆಲ್ಲದ ಡಬ್ಬಿಗೆ ಹತ್ತಿದ ಹಳದಿ ಇರುವೆ: ಸ್ಪ್ರೇ ಹೊಡೆದಷ್ಟೂ ಜಾಸ್ತಿ ಆಗುತ್ತಿವೆ, ಏನು ಮಾಡಲಿ?

ಕಲಬುರಗಿಯ ಜೇವರ್ಗಿ ರಸ್ತೆ ಕಡೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸ್ವಲ್ಪ ಕತ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

"ಸರ್, ನಮ್ಮದು ಹಳೇ ಮನೆ. ನೆಲಕ್ಕೆ ಶಹಾಬಾದ್ ಕಲ್ಲು. ಅಡುಗೆ ಮನೆಗೆ ಹೊಂದಿಕೊಂಡು ಸಾಮಾನು ಇಡುವ ಸಣ್ಣ ಕೋಣೆ ಇದೆ. ಮಳೆ ಶುರುವಾದಾಗಿನಿಂದ ತೀರಾ ಸಣ್ಣ, ತಿಳಿ ಹಳದಿ ಇರುವೆ ಹತ್ತಿವೆ. ಮೊದಲು ಬೆಲ್ಲದ ಡಬ್ಬಿಯಲ್ಲಿ ಮಾತ್ರ ಇದ್ದವು. ಈಗ ಶೇಂಗಾ ಹಿಂಡಿ (ಚಟ್ನಿಪುಡಿ), ತುಪ್ಪ ಯಾವುದನ್ನೂ ಬಿಡುತ್ತಿಲ್ಲ. ಸ್ಪ್ರೇ ತಂದು ಹೊಡೆದೆವು. ಎರಡು ದಿನ ಕಾಣಲಿಲ್ಲ. ಆಮೇಲೆ ನೋಡಿದರೆ ಒಂದು ಸಾಲು ಇದ್ದದ್ದು ಮೂರಾಗಿದೆ. ಬಚ್ಚಲಲ್ಲೂ ಇವೆ, ಸ್ವಿಚ್ ಬೋರ್ಡಿನ ಒಳಗಿಂದಲೂ ಬರುತ್ತಿವೆ. ಪಕ್ಕದ ಮನೆಯವರು ಜೋಳದ ಚೀಲಕ್ಕೆ ಇಡುವ ಗುಳಿಗೆ ತಂದು ಆ ಕೋಣೆಯಲ್ಲಿಡಿ ಅನ್ನುತ್ತಾರೆ. ಊರಲ್ಲಿರುವ ಅಣ್ಣ, ತೊಗರಿಗೆ ಹೊಡೆದು ಉಳಿದ ಎಣ್ಣೆ ಇದೆ, ಕಳಿಸಲಾ ಅಂತ ಕೇಳುತ್ತಾನೆ. ಅತ್ತೆ ಮಾತ್ರ ಇರುವೆ ಕೊಲ್ಲಬಾರದು, ಮನೆಗೆ ಒಳ್ಳೆಯದಲ್ಲ ಅನ್ನುತ್ತಾರೆ. ಮೂರು ವರ್ಷದ ಮಗು ಇದೆ. ಇವು ಯಾವ ಇರುವೆ? ಮುಟ್ಟಿದ ಸಾಮಾನು ತಿನ್ನಬಹುದಾ? ಶಾಶ್ವತವಾಗಿ ಹೋಗಲು ಏನು ಮಾಡಬೇಕು?"

ಅಕ್ಕಾ, ಇರುವೆ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಆ ಗುಳಿಗೆ, ಆ ಎಣ್ಣೆ. ಎರಡೂ ನಿಮ್ಮ ಹೊಸ್ತಿಲು ದಾಟಬಾರದು.

ಜೋಳದ ಗುಳಿಗೆ ಅಂತ ಜನ ಕರೆಯುವುದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯಲ್ಲಿರುವ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಎಲ್ಲ ಕಡೆ ಮುಚ್ಚಿ ಸೀಲ್ ಮಾಡಿದ ಗೋದಾಮಿನಲ್ಲಿ, ತರಬೇತಿ ಪಡೆದವರು ಮಾತ್ರ ಬಳಸಬೇಕಾದ ವಸ್ತು ಅದು. ಸಾಮಾನ್ಯ ಜನರಿಗೆ ಮಾರುವ ಹಾಗೇ ಇಲ್ಲ. ಆದರೂ ಅಲ್ಲಿ ಇಲ್ಲಿ ಸಿಗುತ್ತದೆ, ನಮ್ಮ ಕಡೆ ಜೋಳ, ತೊಗರಿ ಚೀಲ ಇಟ್ಟುಕೊಳ್ಳುವ ಮನೆಗಳಲ್ಲಿ ಎರಡು ಗುಳಿಗೆ ಬಟ್ಟೆಯಲ್ಲಿ ಕಟ್ಟಿ ಸುಮ್ನೆ ಒಳಗೆ ತುರುಕಿಬಿಡುತ್ತಾರೆ. ಬಾಗಿಲು ಮುಚ್ಚಿದರೂ ಆ ಅನಿಲ ಸಂದಿಯಿಂದ ಮಲಗುವ ಕೋಣೆಗೆ ಬರುತ್ತದೆ. ಅದಕ್ಕೆ ಪ್ರತಿವಿಷ ಇಲ್ಲ. ರಾತ್ರಿ ಮಲಗಿದ ಮನೆಮಂದಿ ಬೆಳಿಗ್ಗೆ ಏಳದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಈಗಾಗಲೇ ಯಾರಾದರೂ ಇಟ್ಟಿದ್ದರೆ ಅದರ ಮೇಲೆ ನೀರು ಮಾತ್ರ ಹಾಕಬೇಡಿ, ಅನಿಲ ಇನ್ನೂ ಜೋರಾಗಿ ಬಿಡುತ್ತದೆ. ಎಲ್ಲರೂ ಹೊರಗೆ ಬನ್ನಿ, ತಲೆ ಸುತ್ತು, ವಾಂತಿ, ಉಸಿರಾಟದ ತೊಂದರೆ ಏನೇ ಕಂಡರೂ 108ಕ್ಕೆ ಕರೆ ಮಾಡಿ.

ಅಣ್ಣನ ಎಣ್ಣೆ ವಿಷಯವೂ ಅಷ್ಟೇ. ತೊಗರಿಯ ಕಾಯಿಕೊರಕ ಹುಳಕ್ಕೆ ಹೊಡೆಯುವ ಔಷಧಿ ಬಿಸಿಲು, ಗಾಳಿ, ಮಳೆ ಇರುವ ಹೊಲಕ್ಕೆ ಅಂತ ತಯಾರಾದದ್ದು. ಅಡುಗೆ ಕೋಣೆಯ ಕಲ್ಲಿನ ಮೇಲೆ, ಕಪಾಟಿನ ಕಟ್ಟಿಗೆ ಮೇಲೆ ಅದು ಎಷ್ಟೋ ದಿನ ಹಾಗೇ ಕೂತಿರುತ್ತದೆ, ಆ ನೆಲದ ಮೇಲೆ ನಿಮ್ಮ ಮಗು ಆಡುತ್ತದೆ, ಬಿದ್ದ ಚುರುಮುರಿ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತದೆ. ಇನ್ನು ಹಿರಿಯರು ಕೆಲವರು ಇವತ್ತಿಗೂ "ಗಮೆಕ್ಸಿನ್ ಪುಡಿ ಸಿಗುತ್ತಾ" ಅಂತ ಅಂಗಡಿಯಲ್ಲಿ ಕೇಳುತ್ತಾರೆ. ಆ ಬಿಎಚ್‌ಸಿ ಪುಡಿಯನ್ನು ದೇಶದಲ್ಲಿ 1997ರಲ್ಲೇ ನಿಷೇಧಿಸಿದ್ದಾರೆ. ಹಳೇ ಟ್ರಂಕಿನಲ್ಲಿ ಎಲ್ಲಾದರೂ ಉಳಿದಿದ್ದರೆ ಮುಟ್ಟಬೇಡಿ.

ಈಗ ಇರುವೆಗೆ ಬರೋಣ.

ನೀವು ಬರೆದ ಗುರುತು ನೋಡಿದರೆ ಎರಡರಲ್ಲಿ ಒಂದು. ಮೈಯೆಲ್ಲ ಜೇನು ಬಣ್ಣ, ಹೊಟ್ಟೆಯ ತುದಿ ಮಾತ್ರ ಸ್ವಲ್ಪ ಕಪ್ಪು, ಉದ್ದ ಸುಮಾರು 2 ಮಿಲಿಮೀಟರ್ ಇದ್ದರೆ ಅದು ಫೇರೋ ಇರುವೆ. ಇನ್ನೂ ಸಣ್ಣದು, ಒಂದೂವರೆ ಮಿಲಿಮೀಟರ್, ತಲೆ ಕಪ್ಪು, ಹೊಟ್ಟೆ ಮತ್ತು ಕಾಲು ಹೆಚ್ಚುಕಮ್ಮಿ ಕಾಣದಷ್ಟು ಬಿಳುಪು, ಬಿಳಿ ಗೋಡೆ ಮೇಲೆ ಓಡಿದರೆ ಕರಿ ಚುಕ್ಕೆ ಒಂದೇ ಓಡಿದ ಹಾಗೆ ಕಂಡರೆ ಅದು ಘೋಸ್ಟ್ ಇರುವೆ. ಇದನ್ನು ಬೆರಳಲ್ಲಿ ಹೊಸಕಿ ಮೂಸಿದರೆ ಕೊಬ್ಬರಿ ಕೆಟ್ಟ ವಾಸನೆ ಬರುತ್ತದೆ. ಬರಿಗಣ್ಣಿಗೆ ಗೊತ್ತಾಗದಿದ್ದರೆ ಪಾರದರ್ಶಕ ಸೆಲ್ಲೋಟೇಪಿನ ತುಂಡಿನಲ್ಲಿ ನಾಲ್ಕೈದು ಇರುವೆ ಅಂಟಿಸಿಕೊಂಡು ಬಿಳಿ ಹಾಳೆ ಮೇಲೆ ಒತ್ತಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಹಗಲು ಬೆಳಕಿನಲ್ಲಿ ಮೊಬೈಲ್‌ನಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ನಾನು ಯಾವ ಮನೆಗೆ ಹೋದರೂ ಔಷಧಿ ಚೀಲ ಬಿಚ್ಚುವ ಮೊದಲು ಮಾಡುವ ಕೆಲಸ ಇದೇ.

ಇಷ್ಟು ಯಾಕೆ ಹೇಳುತ್ತೇನೆ ಅಂದರೆ ಎಲ್ಲ ಇರುವೆಗೂ ಒಂದೇ ಮದ್ದು ನಡೆಯುವುದಿಲ್ಲ. ಕಾಲು ಉದ್ದ ಇರುವ ಕಪ್ಪು ಇರುವೆ, ದಿಕ್ಕು ತಪ್ಪಿದವರ ಹಾಗೆ ಆ ಕಡೆ ಈ ಕಡೆ ಓಡಾಡುತ್ತದಲ್ಲ, ಅದು ಸಾಮಾನ್ಯವಾಗಿ ಹೊರಗೆ ಕಲ್ಲಿನ ಕೆಳಗೋ ಕುಂಡದ ಕೆಳಗೋ ಗೂಡು ಮಾಡಿ ಒಳಗೆ ಊಟಕ್ಕೆ ಬರುತ್ತದೆ. ಕಚ್ಚಿದರೆ ಉರಿ ಏಳುವ ಕೆಂಪಿರುವೆ ಅಂಗಳದ ಮಣ್ಣಿನಲ್ಲಿರುತ್ತದೆ. ಒಂದು ಸೆಂಟಿಮೀಟರಿಗೂ ಉದ್ದ ಬೆಳೆಯುವ ಕರಿ ಗೊದ್ದ ಗಿಡದ ಬುಡದ್ದು. ಇವುಗಳಿಗೆ ಗೂಡು ಹುಡುಕಿ ಅಲ್ಲೇ ನೋಡಿಕೊಳ್ಳಬಹುದು. ನಿಮ್ಮ ಹಳದಿ ಇರುವೆ ಹಾಗಲ್ಲ. ಅದರ ಗೂಡು ಮನೆಯೊಳಗೇ ಇದೆ. ಗೋಡೆಯ ಸಂದಿ, ಕಲ್ಲಿನ ಕೆಳಗಿನ ಟೊಳ್ಳು, ಸ್ವಿಚ್ ಬೋರ್ಡಿನ ಹಿಂದಿನ ಪೈಪು, ಬಳಸದ ಚೀಲದ ಮಡಿಕೆ, ಎಲ್ಲಿ ಬೆಚ್ಚಗೆ ಸ್ವಲ್ಪ ತೇವ ಇದೆಯೋ ಅಲ್ಲಿ.

ಒಂದು ಗೂಡಿನಲ್ಲಿ ಒಂದೇ ರಾಣಿ ಇರುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಈ ಎರಡು ಜಾತಿಯಲ್ಲಿ ಒಂದು ಗೂಡಿಗೆ ಹತ್ತಾರು ರಾಣಿಗಳಿರಬಹುದು. ಗಂಡಾಂತರ ಬಂದಿದೆ ಅನ್ನಿಸಿದರೆ ಒಂದಷ್ಟು ಕೆಲಸಗಾರ ಇರುವೆಗಳು ಮರಿಗಳನ್ನು ಹೊತ್ತುಕೊಂಡು, ರಾಣಿ ಇದ್ದರೆ ಅದನ್ನೂ ಕರೆದುಕೊಂಡು ಬೇರೆ ಕಡೆ ಹೋಗಿ ಹೊಸ ಗೂಡು ಹೂಡುತ್ತವೆ. ಸ್ಪ್ರೇ ಹೊಡೆದಾಗ ನಿಮ್ಮ ಮನೆಯಲ್ಲಿ ಆದದ್ದು ಇದೇ. ಹೊರಗೆ ಸಾಲಿನಲ್ಲಿ ಓಡಾಡುವವು ಗೂಡಿನ ಒಂದು ಸಣ್ಣ ಪಾಲು ಮಾತ್ರ. ಅವು ಸತ್ತವು, ಎರಡು ದಿನ ನಿಮಗೆ ಕಾಣಲಿಲ್ಲ. ಒಳಗಿದ್ದವು ಒಡೆದು ಪಾಲಾಗಿ ಬಚ್ಚಲಿಗೊಂದು, ಬೋರ್ಡಿಗೊಂದು ಹೋದವು. ಔಷಧಿ ನಕಲಿ ಇರಬೇಕು ಅಂತ ಅಂಗಡಿಯವರ ಜೊತೆ ಜಗಳ ಮಾಡಬೇಡಿ. ಔಷಧಿ ಸರಿಯಾಗೇ ಇದೆ, ಈ ಇರುವೆಗೆ ಅದು ತಪ್ಪು ಮದ್ದು. ಆದ್ದರಿಂದ ಇವತ್ತಿನಿಂದ ಸ್ಪ್ರೇ ಬಂದ್.

ಚಾಕ್‌ಪೀಸ್ ಗೆರೆಯೂ ಬೇಡ. ಅದರಲ್ಲಿರುವುದೂ ಹೆಚ್ಚಾಗಿ ಸ್ಪ್ರೇಯಲ್ಲಿರುವ ಜಾತಿಯದೇ ವಿಷ, ಪೈರೆಥ್ರಾಯ್ಡ್. ಮೂರು ವರ್ಷದ ಮಗುವಿಗೆ ಅದು ಬರೆಯುವ ಬಳಪ. ಕೈಗೆ ಸಿಕ್ಕರೆ ಬಾಯಿಗೆ ಹೋಗುತ್ತದೆ.

ರವೆ ಹಾಕಿದರೆ ಇರುವೆ ತಿಂದು ಹೊಟ್ಟೆ ಉಬ್ಬಿ ಸಾಯುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಸುಳ್ಳು. ಬೆಳೆದ ಇರುವೆ ಗಟ್ಟಿ ಪದಾರ್ಥ ನುಂಗುವುದೇ ಇಲ್ಲ, ರಸ ಮಾತ್ರ ಹೀರುತ್ತದೆ. ರವೆ ಕಾಳನ್ನು ಗೂಡಿಗೆ ಒಯ್ದು ಮರಿಗಳ ಮುಂದೆ ಇಡುತ್ತದೆ. ನೀವು ರವೆ ಹಾಕಿದರೆ ಅವಕ್ಕೆ ಊಟ ಹಾಕಿದ ಹಾಗಾಯಿತು. ಅರಿಸಿನ, ಲವಂಗ, ನಿಂಬೆರಸ ಇವೆಲ್ಲ ಪೂರ್ತಿ ಸುಳ್ಳಲ್ಲ. ಇರುವೆ ನಡೆಯುವಾಗ ನೆಲಕ್ಕೆ ಒಂದು ವಾಸನೆ ಬಿಡುತ್ತಾ ಹೋಗುತ್ತದೆ, ಹಿಂದಿನದು ಅದನ್ನೇ ಹಿಡಿದು ಬರುತ್ತದೆ, ಘಾಟು ವಸ್ತು ಹಾಕಿದರೆ ಆ ದಾರಿ ಕೆಡುತ್ತದೆ. ಒಂದು ದಿನ, ಹೆಚ್ಚೆಂದರೆ ಎರಡು. ಗೂಡಿಗೆ ಏನೂ ಆಗುವುದಿಲ್ಲ. ಬರೀ ದಾರಿ ಕೆಡಿಸಲು ಸೋಪು ನೀರಿನ ಬಟ್ಟೆ ಸಾಕು, ಅರಿಸಿನ ಸಾರಿಗೆ ಇಟ್ಟುಕೊಳ್ಳಿ.

ಮಳೆಗೇ ಯಾಕೆ ಬಂದವು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಮುಂದಿನ ವರ್ಷಕ್ಕೆ ಬೇಕಾಗುತ್ತದೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಇದರ ಮೇಲೆ ನಿಂತ ಹಳೇ ಮನೆಯ ನೆಲ ವರ್ಷ ವರ್ಷ ಸ್ವಲ್ಪ ಅಲುಗಾಡುತ್ತದೆ, ಕಲ್ಲು ಕಲ್ಲಿನ ನಡುವಿನ ಸಿಮೆಂಟ್ ಪುಡಿಯಾಗಿ ಎದ್ದು ಬರುತ್ತದೆ. ಶಹಾಬಾದ್ ಕಲ್ಲು ತಂಪು, ಗಟ್ಟಿ, ಅದರ ತಪ್ಪೇನೂ ಇಲ್ಲ. ಆದರೆ ಸಂದಿ ಬಿಟ್ಟಿತು ಅಂದರೆ ಕೆಳಗಿನ ಟೊಳ್ಳಿಗೆ ನೇರ ಬಾಗಿಲು. ಒಲೆ ಕಟ್ಟೆ ಕೂಡ ಅದೇ ಕಲ್ಲಿನದಾಗಿದ್ದರೆ ಕಟ್ಟೆಯ ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿ, ಕಲ್ಲು ಗೋಡೆಗೆ ಸೇರುವ ಮೂಲೆಯನ್ನು ಯಾರೂ ತುಂಬಿರುವುದಿಲ್ಲ. ಅಲ್ಲಿ ಸಣ್ಣ ಮಣ್ಣಿನ ಪುಡಿ ಗುಡ್ಡೆ ಕಂಡರೆ ಅದು ಇರುವೆ ತೋಡಿ ಹಾಕಿದ್ದು. ಮಳೆಯಲ್ಲಿ ನೆಲದಡಿ ನೀರು ತುಂಬಿದಾಗ ಗೂಡು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಬರುವವರ ಕಾರಣ ಬೇರೆ, ಅವಕ್ಕೆ ನೀರು ಬೇಕು. 42, 43 ಡಿಗ್ರಿ ಬಿಸಿಲಿನಲ್ಲಿ ನಮ್ಮ ಮನೆಗಳಲ್ಲಿ ಸದಾ ಒದ್ದೆ ಇರುವುದು ಕೂಲರ್ ಹುಲ್ಲು ಮತ್ತು ಕುಡಿಯುವ ನೀರಿನ ಗಡಿಗೆಯ ಕೆಳಗಿನ ಜಾಗ. ಸಾಲು ಅಲ್ಲಿಗೇ ಹೋಗಿರುತ್ತದೆ.

ಅಡುಗೆ ಮನೆ ಕಿಟಕಿಯ ಹೊರಗೆ ಕರಿಬೇವು ಅಥವಾ ದಾಸವಾಳ ಇದ್ದರೆ ಎಲೆ ತಿರುಗಿಸಿ ನೋಡಿ. ಬಿಳಿ ಹಿಟ್ಟಿನಂಥ ತಿಗಣೆ ಇದ್ದರೆ ಅದು ಬಿಡುವ ಸಿಹಿ ಅಂಟಿಗೆ ಇರುವೆ ಹತ್ತುತ್ತದೆ, ಗೋಡೆಗೆ ತಾಗಿದ ಕೊಂಬೆ ಹಿಡಿದು ಒಳಗೂ ಬರುತ್ತದೆ. ಆ ಕೊಂಬೆ ಕತ್ತರಿಸಿ.

ಈಗ ಮದ್ದು. ಇವುಗಳನ್ನು ಗೂಡಿನಲ್ಲೇ ಸಾಯಿಸಬೇಕು, ಅದಕ್ಕೆ ವಿಷವನ್ನು ಅವೇ ಹೊತ್ತುಕೊಂಡು ಹೋಗಬೇಕು. ಇರುವೆ ಹೀರಿದ ರಸವನ್ನು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚುತ್ತದೆ, ರಾಣಿಗೂ ಮರಿಗೂ ಅದೇ ಪಾಲು. ಹಾಗಾಗಿ ವಿಷ ನಿಧಾನದ್ದಿರಬೇಕು. ದಾರಿಯಲ್ಲೇ ಸತ್ತರೆ ಏನೂ ಉಪಯೋಗ ಇಲ್ಲ.

ಮೊದಲು ಒಂದು ಪರೀಕ್ಷೆ. ಸಂಜೆ ಸಾಲಿನ ಪಕ್ಕ ಒಂದು ಕಾಗದದ ತುಂಡಿನ ಮೇಲೆ ಒಂದು ಹನಿ ಬೆಲ್ಲದ ನೀರು, ಇನ್ನೊಂದು ಕಡೆ ಅಡುಗೆ ಎಣ್ಣೆಯಲ್ಲಿ ಕಲಸಿದ ಶೇಂಗಾ ಪುಡಿ ಚಿಟಿಕೆಯಷ್ಟು ಇಡಿ. ಒಂದು ಗಂಟೆ ಬಿಟ್ಟು ನೋಡಿ, ಎಲ್ಲಿ ಗುಂಪಾಗಿವೆಯೋ ಅದೇ ಇವತ್ತಿನ ರುಚಿ. ಇವತ್ತಿನ ಅಂದೆ, ಯಾಕೆಂದರೆ ಫೇರೋ ಇರುವೆ ಒಂದು ವಾರ ಸಿಹಿಗೆ ಬಿದ್ದರೆ ಇನ್ನೊಂದು ವಾರ ಜಿಡ್ಡಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಬೆಲ್ಲ, ಹಿಂಡಿ, ತುಪ್ಪ ಮೂರಕ್ಕೂ ಹತ್ತಿರುವುದು ನೋಡಿದರೆ ಎರಡೂ ಬಗೆ ಇಡುವುದು ವಾಸಿ.

ಸಿಹಿಯದು ಹೀಗೆ: 200 ಮಿಲಿಲೀಟರ್ ಬೆಚ್ಚಗಿನ ನೀರು, ಐದು ಚಹಾ ಚಮಚ ಸಕ್ಕರೆ, ಮಟ್ಟ ಮಾಡಿದ ಅರ್ಧ ಚಹಾ ಚಮಚ ಬೋರಿಕ್ ಆಸಿಡ್ ಪುಡಿ. ಕರಗುವವರೆಗೆ ಕಲಕಿ. ಬೋರಿಕ್ ಪುಡಿ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕ್ಯಾರಂ ಬೋರ್ಡಿಗೆ ಹಾಕುವ ಪುಡಿಯೂ ಅದೇ ಅಂತ ತರಬೇಡಿ, ಎಲ್ಲ ಕಂಪನಿಯದೂ ಬೋರಿಕ್ ಆಗಿರುವುದಿಲ್ಲ. ಬಿಳಿಗಾರ (ಬೋರಾಕ್ಸ್) ಸಿಕ್ಕರೆ ಅದೂ ನಡೆಯುತ್ತದೆ, ಆದರೆ ಒಂದೂವರೆ ಪಟ್ಟು ಹಾಕಬೇಕು. ಜಿಡ್ಡಿನದಕ್ಕೆ ಎರಡು ಚಮಚ ಹುರಿದ ಶೇಂಗಾ ಪುಡಿಯನ್ನು ಸ್ವಲ್ಪ ಎಣ್ಣೆಯಲ್ಲಿ ಮೆತ್ತಗೆ ಕಲಸಿ, ಒಂದು ಸಣ್ಣ ಚಿಟಿಕೆ ಬೋರಿಕ್ ಪುಡಿ ಸೇರಿಸಿ. ಅಷ್ಟೇ. ಜಾಸ್ತಿ ಹಾಕಿದರೆ ಬೇಗ ಹೋಗುತ್ತವೆ ಅಂತ ಅರ್ಧಕ್ಕರ್ಧ ಕಲಸುವವರನ್ನು ನೋಡುತ್ತಲೇ ಇರುತ್ತೇನೆ. ಹಾಗೆ ಮಾಡಿದರೆ ಇರುವೆ ಮೂಸಿ ನೋಡಿ ಪಕ್ಕದಿಂದ ಹೋಗುತ್ತದೆ, ಇಲ್ಲವೇ ತಟ್ಟೆಯ ಪಕ್ಕದಲ್ಲೇ ಸಾಯುತ್ತದೆ. ನೂರಕ್ಕೆ ಒಂದು ಭಾಗ ಸಾಕು.

ಬೋರಿಕ್ ಆಸಿಡ್ ಮನೆಗೆ ತರಬಹುದಾದ ವಿಷಗಳಲ್ಲಿ ಸೌಮ್ಯದ್ದು, ನಿಜ. ಆದರೂ ವಿಷವೇ. ಮಗು ಇರುವುದರಿಂದ ತೆರೆದ ತಟ್ಟೆಯಲ್ಲಿ ಇಡಲೇಬೇಡಿ. ಮುಚ್ಚಳ ಬಿಗಿಯಾಗಿ ತಿರುಗುವ ಸಣ್ಣ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಕಾಯಿಸಿದ ಸೂಜಿಯಿಂದ ಪಕ್ಕದಲ್ಲಿ, ಮೇಲ್ಭಾಗಕ್ಕೆ, ನಾಲ್ಕೈದು ತೂತು ಮಾಡಿ. ಒಳಗೆ ಆ ನೀರಿನಲ್ಲಿ ಅದ್ದಿದ ಹತ್ತಿ ಇಟ್ಟು ಮುಚ್ಚಿ, ಮೇಲೆ ಟೇಪ್ ಸುತ್ತಿ, ದೊಡ್ಡದಾಗಿ "ವಿಷ" ಅಂತ ಬರೆಯಿರಿ. ಕಟ್ಟೆಯ ಕೆಳಗಿನ ಮೂಲೆ, ಬಚ್ಚಲ ಬಾಗಿಲಿನ ಹಿಂದೆ, ಸ್ವಿಚ್ ಬೋರ್ಡ್ ಕೆಳಗೆ ಮಗುವಿನ ಕೈಗೆ ಸಿಗದ ಎತ್ತರದಲ್ಲಿ ಗೋಡೆಗೆ ಅಂಟಿಸಿ. ಬೋರ್ಡಿನ ಒಳಗೆ ಏನೂ ತುರುಕಬೇಡಿ, ಕರೆಂಟ್ ಇದೆ. ಸಾಮಾನಿನ ಹಲಗೆಯ ಮೇಲೂ ಬೇಡ. ಉಳಿದ ನೀರನ್ನು ಹಳೇ ಜ್ಯೂಸ್ ಬಾಟಲಿಯಲ್ಲಿ ತುಂಬಿಡಬೇಡಿ, ಚೆಲ್ಲಿಬಿಡಿ, ಬೇಕಾದಾಗ ಹೊಸದು ಮಾಡಿದರಾಯಿತು. ಕಲಕಿದ ಚಮಚ ಅಡುಗೆಗೆ ಬರಬಾರದು.

ಇಟ್ಟ ಮೊದಲ ಎರಡು ಮೂರು ದಿನ ಇರುವೆ ಜಾಸ್ತಿ ಆಗುತ್ತವೆ. ಡಬ್ಬಿಯ ಸುತ್ತ ಹಳದಿ ಪಟ್ಟಿಯೇ ಕಾಣುತ್ತದೆ. ಬಹಳ ಜನ ಇಲ್ಲೇ ಧೈರ್ಯ ಕೆಟ್ಟು ಸ್ಪ್ರೇ ಎತ್ತಿಕೊಳ್ಳುತ್ತಾರೆ, ಆಗ ಮಾಡಿದ್ದೆಲ್ಲ ನೀರಿಗೆ ಹೋಯಿತು. ಬಿಟ್ಟುಬಿಡಿ, ತಿನ್ನಲಿ, ಒಯ್ಯಲಿ. ಆ ಸಾಲನ್ನು ಒರೆಸಲೂ ಬೇಡಿ. ಹತ್ತಿ ಒಣಗುತ್ತದೆ, ಹುಳಿ ಬರುತ್ತದೆ, ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ಎರಡನೇ ವಾರಕ್ಕೆ ಕಡಿಮೆ ಆದದ್ದು ಕಣ್ಣಿಗೆ ಕಾಣುತ್ತದೆ. ಆದರೆ ಇಟ್ಟ ಮೊಟ್ಟೆ ದೊಡ್ಡ ಇರುವೆ ಆಗಲು ಐದಾರು ವಾರ ಬೇಕು, ಆದ್ದರಿಂದ ಕಾಣದಿದ್ದರೂ ಅಷ್ಟು ದಿನ ಡಬ್ಬಿ ಇರಲಿ. ಇಷ್ಟು ತಾಳ್ಮೆ ಇಲ್ಲ ಅಂದರೆ ಅಂಗಡಿಯಲ್ಲಿ ಇರುವೆಗೆಂದೇ ಸಿಗುವ ಜೆಲ್ ತನ್ನಿ. ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಇರುವಂಥದ್ದು. ಕೆಲಸ ಬೇಗ ಮಾಡುತ್ತದೆ, ದುಡ್ಡು ಜಾಸ್ತಿ, ಬೋರಿಕ್‌ಗಿಂತ ಖಾರದ ವಿಷ. ಮಗುವಿನ ಕೈ ತಲುಪದ ಸಂದಿಗಳಲ್ಲಿ ಮಾತ್ರ ಹಚ್ಚಬೇಕು.

ಸಂದಿಗಳನ್ನು ಸಿಮೆಂಟ್‌ನಿಂದ ತುಂಬಿ, ಆದರೆ ಈಗಲ್ಲ. ಈಗ ತುಂಬಿದರೆ ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತವೆ, ಮತ್ತೆ ಹುಡುಕಬೇಕು. ಇರುವೆ ಪೂರ್ತಿ ನಿಂತ ಮೇಲೆ ಕಲ್ಲಿನ ಸಂದಿಗಳನ್ನು ಕೆರೆದು, ಧೂಳು ತೆಗೆದು, ಬಿಳಿ ಸಿಮೆಂಟ್ ತುಂಬಿಸಿ.

ಆ ಹೊತ್ತಿಗೆ ಸಾಮಾನಿನ ಕಡೆ ನೋಡೋಣ. ಬೆಲ್ಲದ ಸ್ಟೀಲ್ ಡಬ್ಬಿ ತಗೊಂಡು ಮುಚ್ಚಳ ಬೋರಲು ಮಾಡಿ ನೋಡಿ. ಒಳ ಅಂಚಿನ ಸುತ್ತ ಕಂದು ಬಣ್ಣದ ಅಂಟು ಉಂಗುರ ಇರುತ್ತದೆ, ಬೆಲ್ಲ ಕುಟ್ಟಿದ ಕೈಯಲ್ಲೇ ಮುಚ್ಚಳ ಹಿಡಿದದ್ದು, ಮಳೆಗಾಲದ ತೇವಕ್ಕೆ ಕರಗಿದ್ದು. ಡಬ್ಬಿ ಎಷ್ಟೇ ಒರೆಸಿದರೂ ಈ ಉಂಗುರ ಉಳಿದರೆ ಇರುವೆ ತಪ್ಪಿದ್ದಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ನಮಗೆ ಬಿಗಿ, ಎರಡು ಮಿಲಿಮೀಟರ್ ಇರುವೆಗೆ ಅಲ್ಲ. ಬೆಲ್ಲ, ಸಕ್ಕರೆ, ಹಿಂಡಿ, ಪಂಚಮಿಗೆ ಮಾಡಿದ ಉಂಡಿ ಇವಿಷ್ಟನ್ನು ರಬ್ಬರ್ ಉಂಗುರ ಇರುವ ಮುಚ್ಚಳದ ಡಬ್ಬಿಗೆ ಹಾಕಿ. ಜೋಳ, ಬೇಳೆಗೆ ಅಷ್ಟು ಖರ್ಚು ಬೇಕಿಲ್ಲ. ತುಪ್ಪದ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುವ ಹಳೇ ಪದ್ಧತಿ ಇದೆಯಲ್ಲ, ಅದು ಒಳ್ಳೆಯದೇ, ನೀರಿಗೆ ಎರಡು ಹನಿ ಸೋಪು ಬಿಡಿ, ಇಲ್ಲದಿದ್ದರೆ ಸಣ್ಣ ಇರುವೆ ನೀರಿನ ಮೇಲೆ ತೇಲಿಕೊಂಡೇ ದಾಟುತ್ತದೆ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ.

ಜೋಳದ ಚೀಲಕ್ಕೂ ಇರುವೆ ಹತ್ತಿದ್ದರೆ ಒಂದು ಹಿಡಿ ತೆಗೆದು ಮೊರದಲ್ಲಿ ಹಾಕಿ ನೋಡಿ. ಬಹಳ ಸಲ ಇರುವೆ ಬಂದಿರುವುದು ಜೋಳಕ್ಕಲ್ಲ, ಒಳಗೆ ಹತ್ತಿದ ನುಸಿಗೆ, ಸತ್ತ ಹುಳಕ್ಕೆ. ಹಾಗಿದ್ದರೆ ಇರುವೆ ಓಡಿಸಿ ಏನು ಮಾಡುತ್ತೀರಿ? ಸಾಣಿಗೆ ಹಿಡಿದು, ಬಿಸಿಲು ಬಂದ ದಿನ ಮಾಳಿಗೆ ಮೇಲೆ ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸಿ, ಪೂರ್ತಿ ಆರಿದ ಮೇಲೆ ತುಂಬಿ.

ತಿನ್ನಬಹುದಾ ಅಂತ ಕೇಳಿದ್ದೀರಿ. ಇರುವೆ ತಿಂದರೆ ಕಣ್ಣು ಚುರುಕಾಗುತ್ತದೆ ಅಂತ ಸಣ್ಣವರಿದ್ದಾಗ ನಮಗೆ ಹೇಳುತ್ತಿದ್ದರು, ಅದು ಸಕ್ಕರೆ ಚೆಲ್ಲಬಾರದು ಅಂತ ಹೇಳಿದ ಮಾತು. ಒಣ ಸಕ್ಕರೆ, ಬೇಳೆ, ಜೋಳಕ್ಕೆ ಹತ್ತಿದ್ದರೆ ತಟ್ಟೆಯಲ್ಲಿ ಹರಡಿ ಬಿಸಿಲಿಗಿಡಿ, ಅವೇ ಹೋಗುತ್ತವೆ, ಆಮೇಲೆ ಬಳಸಿ. ಬೆಲ್ಲ ಕರಗಿಸಿ, ಸೋಸಿ, ಕುದಿಸಿದರೆ ಸರಿ. ಆದರೆ ನಿಮ್ಮ ಇರುವೆಗಳು ಬಚ್ಚಲಿನಿಂದ ಹಿಂಡಿ ಡಬ್ಬಿಗೆ ಓಡಾಡುತ್ತಿವೆ. ಆಸ್ಪತ್ರೆಗಳಲ್ಲಿ ಫೇರೋ ಇರುವೆ ಮೈಮೇಲೆ ರೋಗದ ಬ್ಯಾಕ್ಟೀರಿಯಾ ಹೊತ್ತು ತಿರುಗುವುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಬಿಸಿ ಮಾಡದೇ ಹಾಗೇ ತಿನ್ನುವ ಹಿಂಡಿ, ಉಂಡಿಗೆ ಗುಂಪಾಗಿ ಹತ್ತಿದ್ದರೆ ಮಗುವಿಗೆ ಕೊಡಬೇಡಿ. ಸ್ಪ್ರೇ ಹೊಡೆದಾಗ ತೆರೆದಿದ್ದ ಸಾಮಾನು ಏನೇ ಇದ್ದರೂ ಚೆಲ್ಲಿ, ಅದಕ್ಕೆ ಸೋಸುವುದು, ಒಣಗಿಸುವುದು ನಡೆಯುವುದಿಲ್ಲ.

ಅತ್ತೆಯವರ ಮಾತಿಗೆ ಜಗಳ ಬೇಡ. ಹಿರಿಯರು ಒಳ್ಳೆಯದು ಅಂತ ಹೇಳುವುದು ಹೆಚ್ಚಾಗಿ ಕರಿ ಇರುವೆಗೆ. ಕಂಪೌಂಡಿನ ಮೂಲೆಯಲ್ಲಿ ಗೊದ್ದಗಳಿಗೆ ಒಂದು ಹಿಡಿ ಸಕ್ಕರೆ ಹಾಕಿದರೆ ಯಾರಿಗೂ ನಷ್ಟವಿಲ್ಲ, ಹೊಸ್ತಿಲ ಮೇಲೆ ಮಾತ್ರ ಹಾಕಬೇಡಿ ಅಂತ ಕೇಳಿಕೊಳ್ಳಿ. ಶಾಶ್ವತವಾಗಿ ಹೋಗುತ್ತವೆ ಅಂತ ನಾನಂತೂ ಮಾತು ಕೊಡುವುದಿಲ್ಲ. ಈ ಗೂಡು ಹೋಗುತ್ತದೆ. ಮುಂದಿನ ಮಳೆಗೆ ಇನ್ನೊಂದು ಬಂದರೆ ಮೊದಲ ಸಾಲು ಕಂಡ ದಿನವೇ ಡಬ್ಬಿ ಇಟ್ಟರೆ ಇಷ್ಟು ದೂರ ಬೆಳೆಯುವುದಿಲ್ಲ.

ಆರು ವಾರ ಆದರೂ ಸಾಲು ಹಾಗೇ ಇದ್ದರೆ ಯಾರನ್ನಾದರೂ ಕರೆಸಿ. ನಮ್ಮ ಕಸುಬಿನವರ ಬಗ್ಗೆ ನಾನೇ ಹೇಳಬಾರದು, ಆದರೂ ಹೇಳುತ್ತೇನೆ: ಬಂದವರು ಇರುವೆ ಯಾವುದು ಅಂತ ನೋಡದೇ ಸೀದಾ ಟ್ಯಾಂಕ್ ಬೆನ್ನಿಗೆ ಹಾಕಿಕೊಂಡರೆ ಬೇಡ ಅಂತ ಹೇಳಿ ಕಳಿಸಿ. ಏನು ಔಷಧಿ, ಎಲ್ಲಿ ಹಚ್ಚುತ್ತೀರಿ, ಮಗು ಎಷ್ಟು ಹೊತ್ತು ಹೊರಗಿರಬೇಕು ಅಂತ ಮೊದಲೇ ಕೇಳಿ, ಔಷಧಿಯ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಯಾವ ಇರುವೆ ಅಂತ ಅನುಮಾನ ಉಳಿದಿದ್ದರೆ ಆ ಸೆಲ್ಲೋಟೇಪ್ ಹಾಳೆಯನ್ನು ಆಳಂದ ರಸ್ತೆಯ ಕೃಷಿ ಕಾಲೇಜಿಗೆ ಒಯ್ದು ಕೀಟಗಳ ವಿಷಯ ಕಲಿಸುವವರಿಗೆ ತೋರಿಸಿ. ಹಾಳೆಯ ಮೂಲೆಯಲ್ಲಿ ತಾರೀಖು ಮತ್ತು ಮನೆಯ ಯಾವ ಜಾಗದಲ್ಲಿ ಹಿಡಿದದ್ದು ಅಂತ ಬರೆದಿರಿ, ಅವರು ಮೊದಲು ಕೇಳುವುದೇ ಅದನ್ನು.